ಉಳಿಸಿದ ಕರೆಂಟಿನಲ್ಲಿ ಪಾಲು ಪಡೆಯುವ ಕಂಪನಿಗಳು

ಎಸ್ಕೋ ಎಂದರೆ

ಕಾರ್ಖಾನೆ, ಆಸ್ಪತ್ರೆ, ಪಂಚಾಯಿತಿಗಳ ವಿದ್ಯುತ್ ವೆಚ್ಚ ಇಳಿಸಿಕೊಟ್ಟು, ಆ ಉಳಿತಾಯದಲ್ಲೇ ತಮ್ಮ ಹಣ ಪಡೆಯುವ ಸಂಸ್ಥೆಗಳಿಗೆ ಇಂಧನ ಸೇವಾ ಕಂಪನಿ, ಚಿಕ್ಕದಾಗಿ ‘ಎಸ್ಕೋ’ ಎನ್ನುತ್ತಾರೆ. ವಿದ್ಯುತ್ ವಿತರಣಾ ಕಂಪನಿಯಾದ ಹೆಸ್ಕಾಂ ಕರೆಂಟ್ ಮಾರುತ್ತದೆ. ಎಸ್ಕೋ ಅದನ್ನು ಉಳಿಸಿಕೊಡುತ್ತದೆ. ಪದ್ಧತಿ ಹಳೆಯದೇ. 18ನೇ ಶತಮಾನದಲ್ಲಿ ಬೌಲ್ಟನ್ ಮತ್ತು ವ್ಯಾಟ್ ತಮ್ಮ ಉಗಿಯಂತ್ರ ಹಾಕಿಸಿಕೊಂಡ ಇಂಗ್ಲೆಂಡಿನ ಗಣಿ ಮಾಲೀಕರಿಂದ, ಉಳಿದ ಕಲ್ಲಿದ್ದಲ ಬೆಲೆಯ ಮೂರನೇ ಒಂದು ಪಾಲು ಪಡೆಯುತ್ತಿದ್ದರು.

ಏನೇನು ಮಾಡುತ್ತವೆ

ಮೊದಲು ಇಂಧನ ತಪಾಸಣೆ: ಯಾವ ಮೋಟರ್ ಎಷ್ಟು ಎಳೆಯುತ್ತದೆ, ಯಾವುದು ಮೇಲಿಂದ ಮೇಲೆ ರಿವೈಂಡಿಂಗ್ ಆಗಿ ಸೊರಗಿದೆ ಎಂಬ ಪಟ್ಟಿ. ಆಮೇಲೆ ಹೊಸ ಪಂಪು, ಎಲ್‌ಇಡಿ, ಟೈಮರ್ ಅಳವಡಿಕೆ ಮತ್ತು ವರ್ಷಗಟ್ಟಲೆ ನಿರ್ವಹಣೆ. ಬಂಡವಾಳ ಕಂಪನಿಯದೇ ಆದರೆ ಉಳಿತಾಯ ಹಂಚಿಕೆ ಒಪ್ಪಂದ. ಗ್ರಾಹಕನೇ ಸಾಲ ತಂದರೆ ಉಳಿತಾಯ ಖಾತರಿ ಒಪ್ಪಂದ. ಖಾತರಿ ಕೊಟ್ಟಷ್ಟು ಉಳಿಯದಿದ್ದರೆ ಕೊರತೆಯನ್ನು ಕಂಪನಿ ತುಂಬಬೇಕು.

ಮಾರುಕಟ್ಟೆ

2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೊ ಬಂತು. ಎಸ್ಕೋಗಳನ್ನು ನೋಂದಾಯಿಸುವುದು ಅದೇ. 2009ರಲ್ಲಿ ನಾಲ್ಕು ಸಾರ್ವಜನಿಕ ಉದ್ಯಮಗಳು ಸೇರಿ ಇಇಎಸ್‌ಎಲ್ ಎಂಬ ಎಸ್ಕೋ ಕಟ್ಟಿದವು. 2015ರ ಉಜಾಲಾ ಯೋಜನೆಯಲ್ಲಿ, ಕರ್ನಾಟಕದ ‘ಹೊಸ ಬೆಳಕು’ ಯೋಜನೆಯಲ್ಲಿ ಎಲ್‌ಇಡಿ ಬಲ್ಬ್ ಒದಗಿಸಿದ್ದು ಇದೇ ಸಂಸ್ಥೆ. ಖಾಸಗಿ ಎಸ್ಕೋಗಳು ಹೆಚ್ಚಾಗಿ ಕಾರ್ಖಾನೆ, ಹೋಟೆಲು, ದೊಡ್ಡ ಕಟ್ಟಡಗಳನ್ನೇ ಹುಡುಕುತ್ತವೆ. ಧಾರವಾಡ ಸೀಮೆಯಲ್ಲಿ ಜಿನ್ನಿಂಗ್ ಮಿಲ್ಲು, ಕೋಲ್ಡ್ ಸ್ಟೋರೇಜ್‌ಗಳಲ್ಲೂ ಇವಕ್ಕೆ ಕೆಲಸವಿದೆ.

ಮೊರಬದಂಥ ಊರಿನಲ್ಲಿ

ನವಲಗುಂದ ತಾಲೂಕಿನ ಮೊರಬ ಎರೆಭೂಮಿಯ ಊರು. ಇಂಥ ಊರಿನಲ್ಲಿ ಉಳಿತಾಯ ಯಾರ ಕೈ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. 2023ರಿಂದ ಗೃಹಜ್ಯೋತಿ ಯೋಜನೆಯಿಂದಾಗಿ ಬಹುಪಾಲು ಮನೆಗಳಿಗೂ ಬಿಲ್ ಇಲ್ಲ. ಹಂಚಿಕೊಳ್ಳಲು ರೈತನ ಬಳಿ ಉಳಿತಾಯವೇ ಇಲ್ಲದ ಮೇಲೆ ಎಸ್ಕೋ ಅವನ ಹೊಲಕ್ಕೆ ಬರುವುದಿಲ್ಲ. ಹಾಗಾಗಿ ಒಪ್ಪಂದ ವಿತರಣಾ ಕಂಪನಿಯ ಜೊತೆಗೇ ಆಗಬೇಕು. ಹೆಸ್ಕಾಂ ವ್ಯಾಪ್ತಿಯ ನಿಪ್ಪಾಣಿ ಮತ್ತು ಬ್ಯಾಡಗಿಯಲ್ಲಿ ಇಇಎಸ್‌ಎಲ್ 590 ನೀರಾವರಿ ಪಂಪ್‌ಸೆಟ್‌ಗಳನ್ನು ಬದಲಿಸಿದ್ದು ಹೀಗೆಯೇ.

ಬಿಲ್ ಕಟ್ಟಲೇಬೇಕಾದದ್ದು ಗ್ರಾಮ ಪಂಚಾಯಿತಿ: ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪಕ್ಕೆ. ಹಳ್ಳಿಗಳಲ್ಲಿ ಎಸ್ಕೋಗೆ ನಿಜವಾದ ಮಾರುಕಟ್ಟೆ ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕಕ್ಕೆ 200 ಟ್ಯೂಬ್‌ಲೈಟ್ ಇಟ್ಟುಕೊಳ್ಳೋಣ. ಚೋಕ್ ಸೇರಿ ಒಂದೊಂದು ಸುಮಾರು 50 ವ್ಯಾಟ್ ತಿಂದರೆ ರಾತ್ರಿ 11 ತಾಸಿಗೆ 110 ಯೂನಿಟ್. 20 ವ್ಯಾಟಿನ ಎಲ್‌ಇಡಿ ಹಾಕಿದರೆ 44. ವರ್ಷಕ್ಕೆ 24,000 ಯೂನಿಟ್ ಉಳಿಯಿತು. ದೀಪಗಳು ಬೆಳಗಾದ ಮೇಲೂ ಉರಿಯುವ ಊರಿನಲ್ಲಿ ಬರೀ ಟೈಮರ್ ಸ್ವಿಚ್ಚೇ ಇನ್ನಷ್ಟು ಉಳಿಸುತ್ತದೆ.

ಸಹಿಗೆ ಮುಂಚೆ

ಹಳೆಯ ಬಳಕೆ ಎಷ್ಟಿತ್ತು ಎಂಬ ಆಧಾರ ಅಂಕಿಯ ಮೇಲೆ ಇಡೀ ಒಪ್ಪಂದ ನಿಂತಿದೆ. ಅದನ್ನು ಹಿಗ್ಗಿಸಿ ಬರೆದರೆ ಇಲ್ಲದ ಉಳಿತಾಯಕ್ಕೂ ಊರಿನ ತೆರಿಗೆ ಹಣ ಹೋಗುತ್ತದೆ. ಪಂಚಾಯಿತಿ ಸದಸ್ಯರು ಬೀದಿದೀಪಕ್ಕೂ ನೀರಿನ ಪಂಪಿಗೂ ಬೇರೆ ಬೇರೆ ಮೀಟರ್ ಹಾಕಿಸಿ, ಒಂದು ವರ್ಷದ ರೀಡಿಂಗ್ ಕೈಯಲ್ಲಿಟ್ಟುಕೊಂಡೇ ಮಾತುಕತೆಗೆ ಕೂರಲಿ.