ಸಿಗ್ನಲ್ ಇಲ್ಲದ ದಾರಿಯ ನಕ್ಷೆ



ಬಣ್ಣಾರಿಯಿಂದ ದಿಂಬಂ ಘಾಟಿ ಹತ್ತಿ ತಾಳವಾಡಿಗೆ ಬರುವವರಿಗೆ ಆ 27 ತಿರುವುಗಳ ವಿಷಯ ಹೇಳಬೇಕಾಗಿಲ್ಲ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಮಾಯವಾಗುತ್ತದೆ. ಆದರೂ ನನ್ನ ಹಳೆಯ ಫೋನಿನ ನಕ್ಷೆ ನಾನಿರುವ ಜಾಗವನ್ನು ತೋರಿಸುತ್ತಿತ್ತು. ಅದು ಹೇಗೆ ಸಾಧ್ಯವಾಯಿತೆಂಬ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ರಕ್ಷಣಾ ಇಲಾಖೆ 1973ರಲ್ಲಿ ಜಿ.ಪಿ.ಎಸ್. ಯೋಜನೆಯನ್ನು ಆರಂಭಿಸಿತು. ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಆದರೆ ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದು ನಿಂತ ಮೇಲೆ ಲೆಕ್ಕ ಬಹಳ ನಿಖರವಾಯಿತು. ನಮ್ಮ ರೇಡಿಯೋ ಹಾಗೆಯೇ ಫೋನು ಕೂಡ ಈ ಸಂಕೇತವನ್ನು ಬರೀ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ. ನಕ್ಷೆ ಮಾತ್ರ ಮೊದಲೇ ಫೋನಿನೊಳಗೆ ಇರಬೇಕು. ನೋಕಿಯ ಕಂಪನಿ 2010ರ ಜನವರಿಯಲ್ಲಿ ಇಂಥ ಸೌಲಭ್ಯವನ್ನು ತನ್ನ ಫೋನುಗಳಲ್ಲಿ ಉಚಿತವಾಗಿ ಕೊಟ್ಟಿತು.

ಹಾಗಾದರೆ ಹಳೆಯ ಆ್ಯಪ್ ಹೊಸ ಫೋನಿನಲ್ಲಿ ಏಕೆ ನಡೆಯುವುದಿಲ್ಲ? 2017ರಲ್ಲಿ ಐಫೋನು 32 ಬಿಟ್ಟಿನ ಆ್ಯಪ್‌ಗಳನ್ನು ಕೈಬಿಟ್ಟಿತು. 2023ರ ಆಂಡ್ರಾಯ್ಡ್ 14, 2015ರ ಆರನೆಯ ಆವೃತ್ತಿಗಿಂತ ಹಿಂದಿನವುಗಳಿಗೆಂದು ಮಾಡಿದ ಆ್ಯಪ್‌ಗಳನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇನ್ನೊಂದು ತೊಡಕು ವಾರದ ಎಣಿಕೆಯದು. ಜಿ.ಪಿ.ಎಸ್. ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೀಗಾಯಿತು. ಸರಿಪಡಿಸದ ಕೆಲವು ಹಳೆಯ ಉಪಕರಣಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಿದವು.

ನನ್ನ ಹೊಸ ಫೋನೂ ಹಳೆಯ ಆ್ಯಪನ್ನು ಒಪ್ಪಲಿಲ್ಲ. ಆ್ಯಪ್ ಹೋದರೆ ಚಿಂತೆಯಿಲ್ಲ. ಹೊಸದು ಸಿಗುತ್ತದೆ, ಅದರಲ್ಲಿ ಹೊಸ ರಸ್ತೆಗಳೂ ಇರುತ್ತವೆ. ನನಗೆ ದಿಗಿಲಾದದ್ದು ಅದರಲ್ಲಿದ್ದ ಗುರುತುಗಳಿಗಾಗಿ. ದೊಡ್ಡಪ್ಪನನ್ನು ಜೊತೆಗೆ ಕರೆದುಕೊಂಡು ಓಡಾಡಿ, ಕಟ್ಟೆ, ಬಾವಿ, ಹಳ್ಳ, ದಿಣ್ಣೆಗಳ ಕನ್ನಡ ಹೆಸರುಗಳನ್ನು ಒಂದೊಂದಾಗಿ ಅದರಲ್ಲಿ ಸೇರಿಸಿದ್ದೆ. ಆ ಹೆಸರುಗಳು ಯಾವ ಬೋರ್ಡಿನಲ್ಲೂ ಇಲ್ಲ. ಹೇಳಿದ ದೊಡ್ಡಪ್ಪನೂ ಈಗಿಲ್ಲ.

ಪುಣ್ಯಕ್ಕೆ ಹಳೆಯ ಫೋನನ್ನು ಮಾರಿರಲಿಲ್ಲ. ಚಾರ್ಜಿಗೆ ಹಾಕಿದೆ, ಆ್ಯಪ್ ತೆರೆಯಿತು. ಜಿ.ಪಿ.ಎಕ್ಸ್. ಎಂಬ ರೂಪದಲ್ಲಿ ಗುರುತುಗಳನ್ನು ಹೊರತೆಗೆದೆ. ಅದನ್ನು ಅನೇಕ ಹೊಸ ಆ್ಯಪ್‌ಗಳು ಓದಬಲ್ಲವು; ನನ್ನದೂ ಓದಿತು.

ಬ್ಯಾಂಕಿನಲ್ಲಿ ಲೆಡ್ಜರು ತುಂಬಿದಾಗ, ಬಾಕಿಯನ್ನು ಹೊಸ ಲೆಡ್ಜರಿಗೆ ಎತ್ತಿ ಬರೆದು ತಾಳೆ ನೋಡಿದ ಮೇಲೆಯೇ ಹಳೆಯದನ್ನು ಕಪಾಟಿಗೆ ಸೇರಿಸುತ್ತಿದ್ದೆವು. ನೀವೂ ಹಳೆಯ ಫೋನನ್ನು ಮಾರುವ ಮೊದಲು ಆ ಬಾಕಿಯನ್ನು ಎತ್ತಿ ಬರೆದುಕೊಳ್ಳಿ.