ತೊಡೆಸಂದಿನ ತುರಿಕೆ: ನಾಚಿಕೆ ನಮ್ಮದು, ಲಾಭ ಯಾರದು?

ತೊಡೆಸಂದಿನಲ್ಲಿ ತುರಿಕೆ ಶುರುವಾದರೆ ನಮ್ಮ ಗಂಡಸರು ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ. ಅದೂ ಅಂಗಡಿಯಲ್ಲಿ ಹೆಂಗಸರು, ಪರಿಚಯದವರು ಯಾರೂ ಇಲ್ಲದ ಹೊತ್ತು ನೋಡಿಕೊಂಡು. "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದರೆ ಸಾಕು. ಎಲ್ಲಿ ತುರಿಕೆ, ಎಷ್ಟು ದಿನದಿಂದ, ಶುಗರ್ ಇದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅಂತ ಯಾರೂ ಕೇಳಲ್ಲ. ಕೇಳದೇ ಇರುವುದೇ ಗಿರಾಕಿಗೂ ಬೇಕಾಗಿರುತ್ತದೆ. ಒಂದೇ ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ.

ಆ ಒಂದು ನಿಮಿಷದ ವ್ಯಾಪಾರಕ್ಕೆ ನಮ್ಮ ದೇಶ ದೊಡ್ಡ ಬೆಲೆ ಕಟ್ಟುತ್ತಿದೆ. ಇದು ಬರೀ ಚರ್ಮದ ವಿಷಯವಲ್ಲ, ಔಷಧ ಕಾನೂನು ಮತ್ತು ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು. ಹಾಗಾಗಿ ರಾಜಕೀಯ ಬರೆಯುವ ಈ ಜಾಗದಲ್ಲೇ ಬರೆಯುತ್ತಿದ್ದೇನೆ.

ಹುಳುಕಡ್ಡಿಯಲ್ಲಿ ಹುಳು ಇಲ್ಲ

ಹುಳುಕಡ್ಡಿ, ಗಜಕರ್ಣ, ತದ್ದು ಅಂತ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಹೆಸರು. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಅಂದರೆ ಫಂಗಸ್ ಸೋಂಕು. ನಮ್ಮ ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಬೆವರು, ಬಿಸಿ, ಗಾಳಿಯಾಡದ ಜಾಗ ಸಿಕ್ಕರೆ ಹಬ್ಬುತ್ತದೆ. ಅಂಚು ಕೆಂಪಗೆ ಉಬ್ಬಿ, ಮೇಲೆ ಸಣ್ಣ ಹೊಟ್ಟು ಎದ್ದು, ನಡುಭಾಗ ವಾಸಿಯಾದ ಹಾಗೆ ಕಾಣುವ ಬಳೆಯಾಕಾರ ಇದರ ಗುರುತು. ತೊಡೆಸಂದಿನಿಂದ ಪೃಷ್ಠಕ್ಕೆ, ಸೊಂಟದ ಸುತ್ತ, ಹೊಟ್ಟೆಗೆ ಹರಡುತ್ತದೆ. ಒಬ್ಬರಿಂದ ಒಬ್ಬರಿಗೆ ಮೈ ತಾಗಿ, ಟವೆಲ್, ಹಾಸಿಗೆ, ಬಟ್ಟೆಯಿಂದ ಅಂಟುತ್ತದೆ.

ಕೊಳಕರಿಗೆ ಮಾತ್ರ ಬರುವ ರೋಗ ಅನ್ನುವ ಮಾತು ಸುಳ್ಳು. ಇಡೀ ದಿನ ಸೀಟಿನ ಮೇಲೆ ಕೂರುವ ಆಟೋ, ಬಸ್ ಚಾಲಕರು, ಬಿಸಿಲಲ್ಲಿ ಬೈಕ್ ಓಡಿಸುವ ಡೆಲಿವರಿ ಹುಡುಗರು, ಕಟ್ಟಡ ಕಾರ್ಮಿಕರು, ದಪ್ಪ ಯೂನಿಫಾರ್ಮಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯೂರಿಟಿ ಗಾರ್ಡ್‌ಗಳು: ಇವರ ಕೆಲಸವೇ ಫಂಗಸ್‌ಗೆ ಬೇಕಾದ ವಾತಾವರಣ. ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಒಂದು ಕೋಣೆಗೆ ನಾಲ್ಕು ಜನ, ಒಂದೇ ಹಗ್ಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀನ್ಸ್ ಪೂರ್ತಿ ಒಣಗಿದ್ದನ್ನು ನಾನು ನೋಡಿಲ್ಲ. ಒಬ್ಬನಿಗೆ ಬಂದಿದ್ದು ತಿಂಗಳೊಳಗೆ ಕಾರಿಡಾರಿಗೆಲ್ಲ ಬರುತ್ತಿತ್ತು. ಬೆಂಗಳೂರಿನ ಪಿಜಿಗಳಲ್ಲಿ ಈಗಲೂ ಬಟ್ಟೆ ಒಣಗಿಸಲು ಬಿಸಿಲು ಬೀಳುವ ಒಂದಡಿ ಜಾಗ ಸಿಗುವುದು ಕಷ್ಟ.

ಟ್ಯೂಬಿನೊಳಗೆ ಏನಿದೆ?

ಮೆಡಿಕಲ್ ಶಾಪ್‌ನವರು ಕೊಡುವ ಟ್ಯೂಬನ್ನು ತಿರುಗಿಸಿ ಓದಿ. ಎಷ್ಟೋ ಟ್ಯೂಬ್‌ಗಳಲ್ಲಿ ಮೂರ್ನಾಲ್ಕು ಔಷಧಿ ಒಟ್ಟಿಗಿರುತ್ತವೆ: ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಒಂದು ಸ್ಟೀರಾಯ್ಡ್. ಈ ಸ್ಟೀರಾಯ್ಡ್ ಬಹಳ ಸಲ ಕ್ಲೊಬೆಟಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ವರ್ಗಕ್ಕೆ ಸೇರಿದ್ದು.

ಹಚ್ಚಿದ ಒಂದೆರಡು ದಿನದಲ್ಲೇ ಕೆಂಪು, ತುರಿಕೆ ಮಾಯ. ಯಾಕೆ? ತುರಿಕೆ ಎಂಬುದು ಫಂಗಸ್ ವಿರುದ್ಧ ನಮ್ಮ ದೇಹ ಹೂಡುವ ಹೋರಾಟದ ಲಕ್ಷಣ. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಎಂಜಿನಿಯರ್ ಭಾಷೆಯಲ್ಲಿ ಹೇಳುವುದಾದರೆ, ಬೆಂಕಿ ಹತ್ತಿದಾಗ ಕೂಗುವ ಅಲಾರಂನ ವೈರ್ ಕತ್ತರಿಸಿದ ಹಾಗೆ. ಸದ್ದು ನಿಂತಿತು, ಬೆಂಕಿ ಹಬ್ಬುತ್ತಲೇ ಇದೆ. ಟ್ಯೂಬ್ ಬಿಟ್ಟರೆ ಇನ್ನೂ ಜೋರಾಗಿ ವಾಪಸ್. ಮತ್ತೆ ಅಂಗಡಿ, ಮತ್ತೆ ಟ್ಯೂಬ್. ಬಳೆಯ ಆಕಾರವೂ ಅಳಿಸಿ ಹೋಗುವುದರಿಂದ ಕೊನೆಗೆ ವೈದ್ಯರ ಹತ್ತಿರ ಹೋದರೂ ಗುರುತಿಸುವುದು ಕಷ್ಟ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಗೆ 'ಟೀನಿಯಾ ಇನ್‌ಕಾಗ್ನಿಟೊ' ಎಂದು ವೈದ್ಯರು 1968ರಲ್ಲೇ ಹೆಸರಿಟ್ಟಿದ್ದರು.

ಜಾಗ ಯಾವುದು ಅನ್ನುವುದೂ ಮುಖ್ಯ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ದೇಹದ ಯಾವ ಭಾಗದಲ್ಲಿ ಎಷ್ಟು ಒಳಗಿಳಿಯುತ್ತದೆ ಎಂದು ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು 1967ರಲ್ಲಿ ಅಳೆದಿದ್ದರು. ಮುಂಗೈಯನ್ನು 1 ಎಂದುಕೊಂಡರೆ ವೃಷಣಚೀಲದ ಚರ್ಮದಲ್ಲಿ ಅದು 42ರಷ್ಟಿತ್ತು. ಅಷ್ಟು ತೆಳುವಾದ ಚರ್ಮದ ಸುತ್ತಮುತ್ತ ನಮ್ಮ ಹುಡುಗರು ಅತಿ ಪ್ರಬಲ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚುತ್ತಿದ್ದಾರೆ. ಚರ್ಮ ಕಾಗದದಂತೆ ತೆಳುವಾಗುತ್ತದೆ, ಉರಿ ಶುರುವಾಗುತ್ತದೆ, ತೊಡೆಯ ಒಳಭಾಗದಲ್ಲಿ ಬಸುರಿನ ಗೆರೆಗಳಂಥ ಅಗಲ ಗೆರೆಗಳು ಬೀಳುತ್ತವೆ. ಹುಳುಕಡ್ಡಿ ವಾಸಿಯಾದರೂ ಆ ಗೆರೆಗಳು ಪೂರ್ತಿ ಹೋಗುವುದಿಲ್ಲ.

ಕಾನೂನು ಏನು ಮಾಡುತ್ತಿತ್ತು?

ಇಂಥ ಬೆರಕೆ ಔಷಧಿಗಳಿಗೆ ಅನುಮತಿ ಸಿಕ್ಕಿದ್ದಾದರೂ ಹೇಗೆ? ಹೊಸ ಸಂಯೋಜನೆಯ ಔಷಧಿಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕು. ಆದರೆ ತಯಾರಿಕಾ ಲೈಸೆನ್ಸ್ ಕೊಡುವುದು ರಾಜ್ಯಗಳು. ಕೇಂದ್ರದ ಒಪ್ಪಿಗೆ ಇಲ್ಲದೆಯೇ ರಾಜ್ಯಗಳು ಇಂಥ ಸಂಯೋಜನೆಗಳಿಗೆ ಲೈಸೆನ್ಸ್ ಕೊಟ್ಟಿರುವುದನ್ನು ಸಂಸತ್ತಿನ ಸ್ಥಾಯಿ ಸಮಿತಿ 2012ರ ತನ್ನ 59ನೇ ವರದಿಯಲ್ಲಿ ಎತ್ತಿ ತೋರಿಸಿತು.

2016ರ ಮಾರ್ಚ್ 10ರಂದು ಕೇಂದ್ರ ಸರ್ಕಾರ 344 ಬೆರಕೆ ಔಷಧಿಗಳನ್ನು ನಿಷೇಧಿಸಿತು. ಕ್ಲೊಬೆಟಸಾಲ್ ಬೆರೆಸಿದ ಹಲವು ಚರ್ಮದ ಮುಲಾಮುಗಳೂ ಪಟ್ಟಿಯಲ್ಲಿದ್ದವು. ಕಂಪನಿಗಳು ಕೋರ್ಟಿಗೆ ಹೋದವು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಔಷಧ ತಾಂತ್ರಿಕ ಸಲಹಾ ಮಂಡಳಿಗೆ ಒಪ್ಪಿಸಿತು. 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಿಗಳ ನಿಷೇಧ ಮತ್ತೆ ಜಾರಿಯಾಯಿತು. ಈ ಎರಡೂವರೆ ವರ್ಷವೂ ಹಚ್ಚುವವರು ಹಚ್ಚುತ್ತಲೇ ಇದ್ದರು.

ಇನ್ನೊಂದು ಕಡೆ, ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2018ರ ಮಾರ್ಚ್‌ನಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಲಾಯಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಕಾಗದದ ಮೇಲೆ ಎಲ್ಲ ಸರಿ ಇದೆ. ನಿಷೇಧದಲ್ಲಿ ಮಾತ್ರ ಒಂದು ತೂತಿದೆ: ಅದು ಬೀಳುವುದು ನಿರ್ದಿಷ್ಟ ಸಂಯೋಜನೆಯ ಮೇಲೆ. ಒಂದು ಘಟಕ ಬದಲಾದರೆ ಕಾನೂನಿನ ಕಣ್ಣಿಗೆ ಅದು ಬೇರೆಯೇ ಔಷಧಿ. ಚೀಟಿಯ ವಿಷಯಕ್ಕೆ ಬಂದರೆ, ನಿಮ್ಮ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಕೊನೆಯ ಸಲ ಯಾರು ಚೀಟಿ ಕೇಳಿದರು, ನೀವೇ ನೆನಪಿಸಿಕೊಳ್ಳಿ.

ಫಂಗಸ್ ಸುಮ್ಮನೆ ಕೂರಲಿಲ್ಲ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದ ಹುಳುಕಡ್ಡಿಯ ಸ್ವಭಾವವೇ ಬದಲಾಗಿದೆ. ಹಿಂದೆ ಕೆಲವೇ ವಾರಗಳಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಸತಾಯಿಸುತ್ತದೆ, ಇಡೀ ಮನೆಗೆ ಹಬ್ಬುತ್ತದೆ. ಇದಕ್ಕೆ ಕಾರಣವಾದ ಫಂಗಸ್ ಪ್ರಭೇದಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಇದೆ. ಇದರ ಹಲವು ತಳಿಗಳ ಮೇಲೆ ಟರ್ಬಿನಾಫಿನ್ ಎಂಬ ಮುಖ್ಯ ಔಷಧಿ ಕೆಲಸ ಮಾಡುವುದಿಲ್ಲ. ಆ ಔಷಧಿ ಹಿಡಿಯಬೇಕಾದ ಕಿಣ್ವವನ್ನೇ ಫಂಗಸ್ ಸ್ವಲ್ಪ ಬದಲಿಸಿಕೊಂಡಿದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಇದು ಪತ್ತೆಯಾಯಿತು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ವರದಿ ಮಾಡಿತು. ಇದು ಇಷ್ಟು ಹಬ್ಬಲು ಸ್ಟೀರಾಯ್ಡ್ ಬೆರಕೆ ಮುಲಾಮುಗಳ ಬೇಕಾಬಿಟ್ಟಿ ಬಳಕೆ ಒಂದು ದೊಡ್ಡ ಕಾರಣ ಎಂಬುದು ಬಹುತೇಕ ಚರ್ಮವೈದ್ಯರ ಅಭಿಪ್ರಾಯ.

ಎಲ್ಲ ತುರಿಕೆಯೂ ಹುಳುಕಡ್ಡಿಯಲ್ಲ

"ತುರಿಕೆಗೆ ಒಂದು ಟ್ಯೂಬ್" ಎಂಬ ಮಾತಿನ ಇನ್ನೊಂದು ಅಪಾಯ ಇದು. ಕೆಲವನ್ನು ಬಿಡಿಸಿ ನೋಡೋಣ.

*ಕಜ್ಜಿ:* ರಾತ್ರಿ ಹೊತ್ತು ಹೆಚ್ಚುವ ತುರಿಕೆ. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ, ಶಿಶ್ನ ಮತ್ತು ವೃಷಣಚೀಲದ ಮೇಲೆ ಗುಳ್ಳೆ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುತ್ತದೆ. ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು.

*ಶಿಶ್ನದ ತುದಿಯಲ್ಲಿ ಕೆಂಪು, ಬಿಳಿ ಪದರ, ಮುಂದೊಗಲು ಬಿರಿಯುವುದು:* ಕ್ಯಾಂಡಿಡಾ ಎಂಬ ಬೇರೆ ಫಂಗಸ್ ಇರಬಹುದು. ಪದೇ ಪದೇ ಬಂದರೆ ಮೊದಲು ಶುಗರ್ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಗೊತ್ತಾಗುವುದೇ ಹೀಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಈ ಸೋಂಕಿನ ಸಾಧ್ಯತೆ ಹೆಚ್ಚಿಸುತ್ತವೆ. ಮಾತ್ರೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

*ನೋವಿಲ್ಲದ ಹುಣ್ಣು:* ಇದನ್ನು ಕಡೆಗಣಿಸಲೇಬಾರದು. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ತಾನಾಗಿ ಒಣಗಿಯೂ ಹೋಗುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಬೇಗ ಹಿಡಿದರೆ ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ.

*ರೋಗವೇ ಅಲ್ಲದ್ದು:* ಶಿಶ್ನದ ತಲೆಯ ಅಂಚಿನಲ್ಲಿ ಸಾಲಾಗಿರುವ ಮುತ್ತಿನಂಥ ಸಣ್ಣ ಬೊಕ್ಕೆಗಳು ಸಹಜ. ಆ ಭಾಗದ ಚರ್ಮ ಉಳಿದ ಮೈಗಿಂತ ಕಪ್ಪಗಿರುವುದೂ ಸಹಜ. ಅದನ್ನು ಬೆಳ್ಳಗೆ ಮಾಡುವ ಕ್ರೀಮ್ ಯಾರಿಗೂ ಬೇಕಿಲ್ಲ.

ಸರಿ, ಏನು ಮಾಡಬೇಕು?

ಟ್ಯೂಬ್ ಮೇಲಿನ ಹೆಸರುಗಳಲ್ಲಿ ಕ್ಲೊಬೆಟಸಾಲ್, ಬೆಕ್ಲೊಮೆಟಾಸೋನ್, ಬೆಟಾಮೆಥಾಸೋನ್, ಮೊಮೆಟಾಸೋನ್ ಇದ್ದರೆ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ತೊಡೆಸಂದಿಗೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಆ ಟ್ಯೂಬನ್ನೇ ತೆಗೆದುಕೊಂಡು ಚರ್ಮವೈದ್ಯರ ಹತ್ತಿರ ಹೋಗಿ, ಮುಚ್ಚುಮರೆ ಇಲ್ಲದೆ ತೋರಿಸಿ.

ಫಂಗಸ್ ಮುಲಾಮು ಕೊಟ್ಟರೆ ಕಲೆಯ ಅಂಚು ದಾಟಿ ಸುಮಾರು ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ತುರಿಕೆ ನಿಂತ ದಿನವೇ ನಿಲ್ಲಿಸಬಾರದು, ಹೇಳಿದಷ್ಟು ವಾರ ಮುಗಿಸಬೇಕು. ಮಾತ್ರೆ ಬೇಕೋ ಬೇಡವೋ ವೈದ್ಯರು ತೀರ್ಮಾನಿಸಲಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅವರಿಗೂ ಜೊತೆಗೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ರೋಗ ಮನೆಯೊಳಗೇ ಸುತ್ತುತ್ತದೆ.

ಸ್ನಾನದ ಮೇಲೆ ಒರೆಸಿ ಪೂರ್ತಿ ಒಣಗಿಸಿ, ಸಡಿಲ ಹತ್ತಿ ಬಟ್ಟೆ ಹಾಕಿ. ಟವೆಲ್, ಚಡ್ಡಿ ಹಂಚಿಕೊಳ್ಳಬೇಡಿ. ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಬಿಸಿಲಿಲ್ಲದಿದ್ದರೆ ಇಸ್ತ್ರಿ ಹಾಕಿ. ಮುಂದೊಗಲು ಸರಿಸಿ ಬರೀ ನೀರಲ್ಲಿ ತೊಳೆದರೆ ಸಾಕು, 'ಇಂಟಿಮೇಟ್ ವಾಶ್' ಬೇಕಿಲ್ಲ. ಬೆಳ್ಳುಳ್ಳಿ ರಸ, ನಿಂಬೆಹಣ್ಣು, ಡೆಟಾಲ್ ಹಚ್ಚಿ ಚರ್ಮ ಸುಟ್ಟುಕೊಳ್ಳಬೇಡಿ.

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಹುಣ್ಣು, ಸ್ರಾವ ಇದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ 'ಸುರಕ್ಷಾ ಕ್ಲಿನಿಕ್'ಗಳಲ್ಲಿ ಲೈಂಗಿಕ ಸೋಂಕಿಗೆ ಉಚಿತ ಚಿಕಿತ್ಸೆ ಇದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿಯೂ ಕೇಳಬಹುದು.

ಈ ನಾಚಿಕೆಯ ಖರ್ಚು

ಸರ್ಕಾರಿ ಆಸ್ಪತ್ರೆಯ ಬಾಗಿಲ ಮೇಲೆ 'ಚರ್ಮ, ಲೈಂಗಿಕ ಮತ್ತು ಕುಷ್ಠ ರೋಗ ವಿಭಾಗ' ಎಂದು ಬರೆದಿರುತ್ತದೆ. ಆ ಬೋರ್ಡಿನ ಕೆಳಗೆ ಸಾಲು ನಿಲ್ಲಬೇಕು ಅಂದರೇನೇ ಎಷ್ಟೋ ಹುಡುಗರು ವಾಪಸ್ ಹೋಗುತ್ತಾರೆ. ದಿನಗೂಲಿಯವನಿಗೆ ಅರ್ಧ ದಿನದ ಸಂಬಳವೂ ಹೋಗುತ್ತದೆ. ಪಕ್ಕದ ಅಂಗಡಿಯ ಟ್ಯೂಬ್ ಅಗ್ಗ, ಪ್ರಶ್ನೆಯೂ ಇಲ್ಲ. ಹಾಗಾಗಿ ಹುಡುಗರನ್ನು ಬೈದು ಪ್ರಯೋಜನವಿಲ್ಲ.

ಕೇಳಬೇಕಾದ್ದನ್ನು ಕೇಳೋಣ. ಶೆಡ್ಯೂಲ್ ಎಚ್ ಮುಲಾಮು ಚೀಟಿ ಇಲ್ಲದೆ ಮಾರಿದ್ದಕ್ಕೆ ರಾಜ್ಯದ ಔಷಧ ನಿಯಂತ್ರಕರು ಕಳೆದ ವರ್ಷ ಎಷ್ಟು ಅಂಗಡಿಗಳ ಮೇಲೆ ಕ್ರಮ ಕೈಗೊಂಡರು? ಇದಕ್ಕೆ ಒಂದು ಆರ್‌ಟಿಐ ಅರ್ಜಿ ಸಾಕು. ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಸಂಜೆ ಚರ್ಮವೈದ್ಯರು ಯಾಕೆ ಸಿಗಬಾರದು? ಟ್ಯೂಬ್ ಮೇಲೆ 'ಇದರಲ್ಲಿ ಸ್ಟೀರಾಯ್ಡ್ ಇದೆ' ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಯಾಕೆ ಬರೆಯಬಾರದು? ಹಾಸ್ಟೆಲ್, ಪಿಜಿಗಳಲ್ಲಿ ಬಟ್ಟೆ ಒಣಗಿಸುವ ಜಾಗ ಇರಲೇಬೇಕು ಎಂಬ ನಿಯಮ ಯಾಕಿಲ್ಲ?

ಅಲ್ಲಿಯವರೆಗೆ ಗೆಳೆಯನೊಬ್ಬ "ತುರಿಕೆ ಕಣೋ" ಅಂದರೆ ನಗಬೇಡಿ. ಯಾವ ಟ್ಯೂಬ್ ಹಚ್ಚುತ್ತಿದ್ದೀಯಾ, ತೋರಿಸು ಅನ್ನಿ.