ಕೊಲಾಬಾದ ಅಂಕಿಗಳಲ್ಲಿ ಉಳಿದ ಸೂರ್ಯನ ಗಾಳಿ

1859ರ ಸೆಪ್ಟೆಂಬರ್ 2ರ ಬೆಳಗ್ಗೆ ಮುಂಬೈನ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ವಿಚಿತ್ರವಾಗಿ ವರ್ತಿಸತೊಡಗಿತು. ಭೂಮಿಯ ಕಾಂತಕ್ಷೇತ್ರದ ಸಮತಲ ಬಲ ನೋಡನೋಡುತ್ತಿದ್ದಂತೆ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಅಲ್ಲಿನ ಸಿಬ್ಬಂದಿ ಕಣ್ಣಿಂದ ನೋಡಿ ಅಂಕಿ ಬರೆದುಕೊಳ್ಳುತ್ತಿದ್ದ ಕಾಲವದು. ಮಾಮೂಲಿ ದಿನ ಗಂಟೆಗೊಮ್ಮೆ, ಉಪಕರಣ ಅಲುಗಾಡಿದರೆ ಹದಿನೈದು ಅಥವಾ ಐದು ನಿಮಿಷಕ್ಕೊಮ್ಮೆ. ಆ ದಿನವೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ತಾವು ಬರೆಯುತ್ತಿರುವುದು ಏನನ್ನು ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಸೂರ್ಯನಿಂದ ವಿದ್ಯುದಾವೇಶದ ಕಣಗಳು ಸದಾ ಹೊರಹರಿಯುತ್ತವೆ ಎಂಬ ‘ಸೌರ ಮಾರುತ’ದ ಸಿದ್ಧಾಂತವನ್ನು ಯೂಜಿನ್ ಪಾರ್ಕರ್ ಮಂಡಿಸಿದ್ದು 1958ರಲ್ಲಿ. ಮ್ಯಾರಿನರ್ 2 ನೌಕೆ ಅದನ್ನು ಖಚಿತವಾಗಿ ಅಳೆದದ್ದು 1962ರಲ್ಲಿ. ಅಂದರೆ ನೇರ ಅಳತೆಗೆ ಅರವತ್ತು ಚಿಲ್ಲರೆ ವರ್ಷಗಳ ಆಯಸ್ಸು ಮಾತ್ರ. ವಿದ್ಯುತ್ ಜಾಲ, ಉಪಗ್ರಹಗಳನ್ನು ಸೂರ್ಯ ಎಷ್ಟರ ಮಟ್ಟಿಗೆ ಕೆಡಿಸಬಲ್ಲ ಎಂದು ಅಂದಾಜಿಸಲು ಇಷ್ಟು ಸಾಲದು. ಹಿಂದಿನದನ್ನು ತಿಳಿಯಲು ಹಳೆಯ ಕಾಂತ ದಾಖಲೆಗಳೇ ಗತಿ.

ಅವನ್ನು ಓದುವ ಬಗೆ ಹೀಗೆ. ಸೌರ ಮಾರುತದ ಜೊತೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದರ ಶಕ್ತಿ ಭೂಮಿಯ ಕಾಂತಕವಚದೊಳಗೆ ನುಗ್ಗಿ, ಭೂಮಿಯ ಸುತ್ತ ಒಂದು ವಿದ್ಯುತ್ ಉಂಗುರವನ್ನು ಬಲಗೊಳಿಸುತ್ತದೆ. ಕೊಲಾಬಾದಂಥ ಸಮಭಾಜಕದತ್ತಣ ಊರುಗಳಲ್ಲಿ ಸಮತಲ ಬಲ ಇಳಿಯುವುದು ಮುಖ್ಯವಾಗಿ ಅದರಿಂದ. ಕಾಂತ ಸೂಚ್ಯಂಕಗಳಲ್ಲಿ ಕೆಲವು ಮಾರುತದ ಕಾಂತಕ್ಷೇತ್ರಕ್ಕೆ ಮಾತ್ರ ಓಗೊಡುತ್ತವೆ, ಕೆಲವು ಅದರ ವೇಗಕ್ಕೂ. ಎರಡನ್ನೂ ಜೋಡಿಸಿದರೆ ಕ್ಷೇತ್ರವನ್ನೂ ವೇಗವನ್ನೂ ಬೇರೆಬೇರೆಯಾಗಿ ಅಂದಾಜಿಸಬಹುದು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಸ್ಫೋಟ ಕಂಡಿದ್ದರು. ಹದಿನೇಳೂವರೆ ಗಂಟೆ ಕಳೆಯುವಷ್ಟರಲ್ಲಿ ಬಿರುಗಾಳಿ ಭೂಮಿ ಮುಟ್ಟಿತು: ಸರಾಸರಿ ವೇಗ ಸೆಕೆಂಡಿಗೆ 2,300 ಕಿ.ಮೀ.ಗೂ ಹೆಚ್ಚು. ಸಾಮಾನ್ಯ ಸೌರ ಮಾರುತದ್ದು ಸುಮಾರು 400. ಲಂಡನ್ ಸುತ್ತಲಿನ ಫೋಟೊ ದಾಖಲೆಗಳಲ್ಲಿ ಗೆರೆ ಕಾಗದದಾಚೆ ಹೋಗಿತ್ತು. ಹಾಗಾಗಿ 2003ರಲ್ಲಿ ಬ್ರೂಸ್ ಸುರುತಾನಿ, ಗುರ್ಬಕ್ಸ್ ಲಖಿನಾ ಮತ್ತು ಸಂಗಡಿಗರು ಬಿರುಗಾಳಿಯ ಬಲವನ್ನು ಲೆಕ್ಕ ಹಾಕಲು ಕೊಲಾಬಾದ ಅಂಕಿಗಳನ್ನು ಆಶ್ರಯಿಸಿದರು. ಆ ಕುಸಿತದಲ್ಲಿ ಉಂಗುರದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಗಂಟೆಯ ಸರಾಸರಿ ತೆಗೆದರೆ ಕುಸಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ವಾದಕ್ಕೆ ಆಧಾರವಾದ ಅಂಕಿ ಉಳಿದಿದೆ.

ಅಂಕಿ ಉಳಿದರಷ್ಟೇ ಸಾಲದು. 1868ರಿಂದಾಚೆಗಿನ ‘ಎಎ’ ಸೂಚ್ಯಂಕ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಕೇಂದ್ರಗಳ ದಾಖಲೆಯಿಂದ ಕಟ್ಟಿದ್ದು. ಅದನ್ನು ಆಧರಿಸಿ 1999ರಲ್ಲಿ ಮೈಕ್ ಲಾಕ್‌ವುಡ್ ಮತ್ತು ಸಂಗಡಿಗರು, ಸೂರ್ಯನ ಹೊರವಲಯದ ಕಾಂತಕ್ಷೇತ್ರ ಇಪ್ಪತ್ತನೆಯ ಶತಮಾನದಲ್ಲಿ ಇಮ್ಮಡಿಗೂ ಮಿಕ್ಕಿ ಬೆಳೆಯಿತು ಎಂದರು. ಆಮೇಲೆ ನೋಡಿದರೆ, 1957ರಲ್ಲಿ ಇಂಗ್ಲೆಂಡಿನ ಕೇಂದ್ರ ಆಬಿಂಜರ್‌ನಿಂದ ಹಾರ್ಟ್‌ಲ್ಯಾಂಡ್‌ಗೆ ಹೋದಾಗ ಅಂಕಿಗಳು ಸರಿಯಾಗಿ ಕೂಡಿಕೊಂಡಿರಲಿಲ್ಲ. ತಿದ್ದಿದ ಮೇಲೂ ಏರಿಕೆ ಉಳಿಯಿತು, ಪ್ರಮಾಣ ತಗ್ಗಿತು.

ಕೊಲಾಬಾವೂ ಒಮ್ಮೆ ಜಾಗ ಬದಲಿಸಬೇಕಾಯಿತು. ಮುಂಬೈಗೆ ವಿದ್ಯುತ್ ಟ್ರಾಮ್ ಬರಲಿದ್ದು, ಅದರ ಕರೆಂಟು ಅಳತೆ ಕೆಡಿಸುತ್ತಿತ್ತು. ಅಲಿಬಾಗ್‌ನಲ್ಲಿ ಹೊಸ ಕೇಂದ್ರ ಕಟ್ಟಿದರು. ಆದರೆ ಹಳೆಯದನ್ನು ಒಡನೆ ಮುಚ್ಚಲಿಲ್ಲ. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು ತಾಳೆ ನೋಡಿದರು. ಯಾರು ಓದುತ್ತಾರೆಂದು ಗೊತ್ತಿಲ್ಲದವರು ಪಟ್ಟ ಆ ಎರಡು ವರ್ಷಗಳ ಹೆಚ್ಚುವರಿ ಶ್ರಮದಿಂದಲೇ ಕೊಲಾಬಾದ ಅಂಕಿಗಳು ಅಲಿಬಾಗ್‌ನ ಅಂಕಿಗಳೊಂದಿಗೆ ಇಂದಿಗೂ ಒಂದೇ ಸರಣಿಯಾಗಿ ಉಳಿದಿವೆ.